ಟ್ರೈ ಎ ಲಿಟಲ್ ಟೆಂಡರ್‌ನೆಸ್: ಈ ಹಾಡು ಬರೆದವರದ್ದಾ, ಹಾಡಿದವರದ್ದಾ?

ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಒಳ್ಳೆಯ ಪ್ರೇಮಗೀತೆಗಳ ಪಟ್ಟಿ ಯಾರೇ ಮಾಡಲಿ, ‘ಟ್ರೈ ಎ ಲಿಟಲ್ ಟೆಂಡರ್‌ನೆಸ್’ ಅದರಲ್ಲಿ ಇದ್ದೇ ಇರುತ್ತದೆ. ಪಕ್ಕದಲ್ಲಿ ಗಾಯಕ ಓಟಿಸ್ ರೆಡ್ಡಿಂಗ್ ಹೆಸರು, ಇಸವಿ 1966. ಕೇಳಿದವರಿಗೆ ಇದು ಓಟಿಸ್ ಹಾಡು, ಅಷ್ಟೇ. ಆ ಗಂಟಲು, ಆ ಒದ್ದಾಟ, ಕೊನೆಯ ಒಂದೂವರೆ ನಿಮಿಷದ ಆ ಬಿರುಸು ಇಲ್ಲದೆ ಈ ಹಾಡನ್ನು ನೆನಪಿಸಿಕೊಳ್ಳುವುದೇ ಕಷ್ಟ.

ಆದರೆ ಇದನ್ನು ಬರೆದದ್ದು ಓಟಿಸ್ ಅಲ್ಲ. ಮೊದಲು ಹಾಡಿದ್ದೂ ಅವರಲ್ಲ. ಹಾಡು ಮೊದಲ ಸಲ ಧ್ವನಿಮುದ್ರಣ ಆದಾಗ ಓಟಿಸ್ ಹುಟ್ಟಿಯೇ ಇರಲಿಲ್ಲ. ಸೋಲ್ ಅನ್ನೋ ಪ್ರಕಾರವೂ ಹುಟ್ಟಿರಲಿಲ್ಲ. ಅಂದರೆ ಜಗತ್ತು ತಲೆಯ ಮೇಲೆ ಹೊತ್ತು ಮೆರೆಸುವ ಈ ಸೋಲ್ ಹಾಡು ಒಂದು ಕವರ್, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿದ್ದು. ಆಮೇಲೆ ಬಂದ ಕವರ್‌ಗಳು ಮೂಲ ಹಾಡಿನ ಕವರ್‌ಗಳಲ್ಲ, ಈ ಕವರ್‌ನ ಕವರ್‌ಗಳು. ಇಲ್ಲಿಂದ ವಿಷಯ ಸ್ವಲ್ಪ ಗೋಜಲಾಗುತ್ತದೆ. ಅದನ್ನು ಬಿಡಿಸಲು ಹೊರಟರೆ ಹಾಡು ಅಂದರೆ ಏನು, ಅದರ ಒಡೆಯ ಯಾರು, ದುಡ್ಡು ಯಾರಿಗೆ ಹೋಗುತ್ತದೆ ಅನ್ನೋದೆಲ್ಲ ಒಂದೊಂದಾಗಿ ಹೊರಗೆ ಬರುತ್ತದೆ.

ಹಾಡು ಬರೆದವರು ಮೂವರು. ಅಮೆರಿಕದ ಹ್ಯಾರಿ ವುಡ್ಸ್, ಇಂಗ್ಲೆಂಡಿನ ಜಿಮ್ಮಿ ಕ್ಯಾಂಪ್‌ಬೆಲ್ ಮತ್ತು ರೆಜ್ ಕಾನೆಲಿ. ಕ್ಯಾಂಪ್‌ಬೆಲ್ ಮತ್ತು ಕಾನೆಲಿ ಲಂಡನ್ನಿನಲ್ಲಿ ತಮ್ಮದೇ ಸಂಗೀತ ಪ್ರಕಾಶನ ನಡೆಸುತ್ತಿದ್ದರು. ಹಾಡು ಬರೆಯುವುದು, ಅಚ್ಚು ಹಾಕಿಸುವುದು, ಮಾರುವುದು ಎಲ್ಲ ಅವರದ್ದೇ. ಮ್ಯಾಸಚೂಸೆಟ್ಸ್‌ನ ವುಡ್ಸ್‌ಗೆ ಹುಟ್ಟಿನಿಂದಲೇ ಎಡಗೈಯಲ್ಲಿ ಬೆರಳುಗಳಿರಲಿಲ್ಲ. ಆದರೂ ಪಿಯಾನೊ ಕಲಿತರು, ಹಾಡು ಕಟ್ಟಿಯೇ ಬದುಕಿದರು. 1930ರ ದಶಕದ ಶುರುವಿನಲ್ಲಿ ಕೆಲವು ವರ್ಷ ಲಂಡನ್ನಿನಲ್ಲಿದ್ದರು. ಈ ಹಾಡು ಆ ದಿನಗಳ ಫಲ. 1932ರ ಡಿಸೆಂಬರ್ 8ರಂದು ರೇ ನೋಬಲ್ ಆರ್ಕೆಸ್ಟ್ರಾ ಅದನ್ನು ಧ್ವನಿಮುದ್ರಿಸಿತು. ಹಾಡಿದವರು ವ್ಯಾಲ್ ರೋಸಿಂಗ್. ಮರುವರ್ಷವೇ ಅಮೆರಿಕದಲ್ಲಿ ರೂತ್ ಎಟಿಂಗ್ ಹಾಡಿದರು, ಬಿಂಗ್ ಕ್ರಾಸ್ಬಿ ಹಾಡಿದರು.

ಹಾಡಿನಲ್ಲಿರುವುದು ಗಂಡಸರಿಗೆ ಹೇಳುವ ಒಂದು ಬುದ್ಧಿಮಾತು. ಅವಳು ದಣಿದಿರಬಹುದು, ದಿನಾ ಅದೇ ಹಳೆಯ ಬಟ್ಟೆ ಹಾಕಿಕೊಂಡು ಬೇಸತ್ತಿರಬಹುದು, ಅಂಥ ಹೊತ್ತಿನಲ್ಲಿ ಸ್ವಲ್ಪ ಮೃದುವಾಗಿ ನಡೆದುಕೋ. ಅವಳು ಯಾವುದಕ್ಕೋ ಕಾಯುತ್ತಿರುತ್ತಾಳೆ, ಆ ವಸ್ತು ಅವಳ ಕೈಗೆ ಎಂದೂ ಬರದೇ ಇರಬಹುದು. ಇಷ್ಟೇ. 1932 ಎಂದರೆ ಮಹಾ ಆರ್ಥಿಕ ಕುಸಿತದ ಅತಿ ಕೆಟ್ಟ ದಿನಗಳು. ಹೊಸ ಉಡುಪು ಕೊಳ್ಳಲಾಗದ ಹೆಣ್ಣು ಆಗ ಮನೆಮನೆಯಲ್ಲೂ ಇದ್ದಳು. ಬಡತನ ಅನ್ನೋ ಮಾತನ್ನೇ ಎತ್ತದೆ ಆ ಕಾಲದ ಬಡತನವನ್ನು ಹೇಳುವ ಹಾಡು ಇದು. ಈ ಒಂದು ಗುಣಕ್ಕೇ ನನಗೆ ವುಡ್ಸ್ ಮತ್ತು ಗೆಳೆಯರ ಮೇಲೆ ತುಂಬ ಗೌರವ.

ಇದರ ಕಟ್ಟು ಆ ಕಾಲದ ಮಾಮೂಲಿ ಕಟ್ಟು. ಎಂಟೆಂಟು ಬಾರ್‌ಗಳ ನಾಲ್ಕು ತುಂಡು, ಒಟ್ಟು 32 ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು). ಮೊದಲ ಎರಡು ತುಂಡು ಒಂದೇ ಧಾಟಿ. ಮೂರನೆಯದು ಬೇರೆ, ಅದಕ್ಕೆ ಬ್ರಿಡ್ಜ್ ಅನ್ನುತ್ತಾರೆ. ನಾಲ್ಕನೆಯದು ಮತ್ತೆ ಮೊದಲ ಧಾಟಿಗೆ ಬಂದು ಮುಗಿಯುತ್ತದೆ. ಇವೆಲ್ಲಕ್ಕೂ ಮುಂಚೆ ಪೀಠಿಕೆಯಂಥ ಒಂದು ಪದ್ಯವೂ ಇತ್ತು, ಈ ಗಡಿಬಿಡಿಯ ಕಾಲದಲ್ಲಿ ಸಣ್ಣ ಸಣ್ಣ ಪ್ರೀತಿಯ ಮಾತುಗಳನ್ನು ನಾವು ಮರೆಯುತ್ತೇವೆ ಅಂತ. ಓಟಿಸ್ ಅದನ್ನು ಬಿಟ್ಟೇ ಬಿಟ್ಟರು. ಉಳಿದ ನಾಲ್ಕು ತುಂಡುಗಳನ್ನು ಇಟ್ಟುಕೊಂಡರು. ಆಮೇಲೆ ಅದಕ್ಕೆ ಸೇರಿಸಿದ ಕೊನೆಯ ಭಾಗ ಮೂಲದಲ್ಲಿ ಇರಲೇ ಇಲ್ಲ. ಆ ಭಾಗಕ್ಕೆ ಆಮೇಲೆ ಬರುತ್ತೇನೆ.

1930ರ ದಶಕದಲ್ಲಿ ಈ ಹಾಡು ಯಾರದ್ದು ಅಂತ ಕೇಳಿದ್ದರೆ ಉತ್ತರ ಸುಲಭವಾಗಿತ್ತು. ಬರೆದವರದ್ದು. ಆಗ ಹಾಡು ಅಂದರೆ ಮುಖ್ಯವಾಗಿ ಅಚ್ಚಾದ ಕಾಗದ. ಜನ ಸ್ವರಲಿಪಿ ಕೊಂಡುಕೊಂಡು ಮನೆಯ ಪಿಯಾನೊದಲ್ಲಿ ನುಡಿಸುತ್ತಿದ್ದರು. ಒಂದು ಹಾಡು ಓಡುತ್ತಿದೆ ಅಂದರೆ ಪ್ರತಿಯೊಂದು ಆರ್ಕೆಸ್ಟ್ರಾ ತನ್ನದೇ ರೀತಿಯಲ್ಲಿ ಅದನ್ನು ರೆಕಾರ್ಡ್ ಮಾಡುತ್ತಿತ್ತು. ಯಾರೂ ಅದನ್ನು ನಕಲು ಅನ್ನುತ್ತಿರಲಿಲ್ಲ. ಕಾನೂನೂ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಅಮೆರಿಕದ 1909ರ ಕಾಯ್ದೆಯ ಪ್ರಕಾರ ಒಂದು ಹಾಡು ಒಡೆಯರ ಒಪ್ಪಿಗೆಯಿಂದ ಒಮ್ಮೆ ರೆಕಾರ್ಡ್ ಆಗಿ ಹೊರಬಂದರೆ, ಆಮೇಲೆ ಯಾರು ಬೇಕಾದರೂ ಅದನ್ನು ರೆಕಾರ್ಡ್ ಮಾಡಬಹುದು. ಬರೆದವರನ್ನು ಕೇಳಬೇಕಾಗಿಲ್ಲ, ಪ್ರತಿಯೊಂದಕ್ಕೆ 2 ಸೆಂಟ್ ಕೊಟ್ಟರೆ ಸಾಕು. ಮೊತ್ತ ಈಗ ಬದಲಾಗಿದೆ, ವ್ಯವಸ್ಥೆ ಮಾತ್ರ ಇವತ್ತಿಗೂ ಹೆಚ್ಚುಕಡಿಮೆ ಅದೇ.

ಕವರ್ ಅನ್ನೋದಕ್ಕೆ ಒಂದು ಕಹಿ ಬೆರೆತದ್ದು 1950ರ ದಶಕದಲ್ಲಿ. ಕಪ್ಪು ಜನರ ರಿದಮ್ ಆ್ಯಂಡ್ ಬ್ಲೂಸ್ ಹಾಡು ಒಂದು ಓಡಲು ಶುರುವಾದ ಕೂಡಲೇ ದೊಡ್ಡ ಕಂಪನಿಗಳು ಬಿಳಿಯ ಗಾಯಕರಿಂದ ಅದೇ ಹಾಡನ್ನು ಹಾಡಿಸಿ ಬಿಡುತ್ತಿದ್ದವು. ಬಿಳಿಯರ ರೇಡಿಯೊಗಳು ಎರಡನೆಯದನ್ನೇ ಜಾಸ್ತಿ ಹಾಕುತ್ತಿದ್ದವು. 1955ರಲ್ಲಿ ಫ್ಯಾಟ್ಸ್ ಡಾಮಿನೊ ಅವರ ‘ಏನ್ಟ್ ದಟ್ ಎ ಶೇಮ್’ ಹಾಡನ್ನು ಪ್ಯಾಟ್ ಬೂನ್ ಹಾಡಿ ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೆ ಒಯ್ದರು. ಡಾಮಿನೊ ಆ ಹಾಡಿನ ಬರಹಗಾರರಲ್ಲಿ ಒಬ್ಬರು, ಹಾಗಾಗಿ ಹಾಡಿನ ರಾಯಲ್ಟಿ ಅವರಿಗೂ ಬಂತು. ಬರೀ ಹಾಡುಗಾರರಾಗಿದ್ದವರಿಗೆ ಏನೂ ಬರುತ್ತಿರಲಿಲ್ಲ. ಅವರ ಹಾಡುವ ರೀತಿ, ಏರಿಳಿತ, ಲಯ, ಎಲ್ಲವನ್ನೂ ಹಾಗೇ ಎತ್ತಿಕೊಂಡರೂ ಕಾನೂನು ತಲೆ ಹಾಕುತ್ತಿರಲಿಲ್ಲ.

ಈ ಹಿನ್ನೆಲೆ ಗೊತ್ತಿದ್ದರೆ ಓಟಿಸ್ ಮಾಡಿದ್ದು ಎಂಥ ಕೆಲಸ ಅಂತ ತಿಳಿಯುತ್ತದೆ. ದಿಕ್ಕು ತಿರುಗಿತು. ಬಿಳಿಯ ಬರಹಗಾರರ ನಯವಾದ ಹಾಡೊಂದನ್ನು ಅಮೆರಿಕದ ದಕ್ಷಿಣದ ಕಪ್ಪು ಗಾಯಕ ಕೈಗೆತ್ತಿಕೊಂಡು, ಅದರ ಹಳೆಯ ಮುಖವನ್ನೇ ಜನ ಮರೆಯುವ ಹಾಗೆ ಮಾಡಿದರು.

ಇದು ಒಂದೇ ದಿನಕ್ಕೆ ಆದದ್ದಲ್ಲ. ನಡುವೆ ಕೆಲವರು ಹಾಡನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬಂದರು. ಫ್ರಾಂಕ್ ಸಿನಾಟ್ರಾ 1946ರ ತಮ್ಮ ಆಲ್ಬಮ್‌ನಲ್ಲಿ ಇದನ್ನು ಹಾಡಿದ್ದಾರೆ. ಹಿಂದೆ ಮೆತ್ತನೆಯ ತಂತಿವಾದ್ಯ, ಮುಂದೆ ಕಿವಿಯಲ್ಲಿ ಹೇಳಿದಂಥ ದನಿ. ತುಂಬ ಚೆನ್ನಾಗಿದೆ, ಆದರೆ ಅದು ಸೋಫಾದಲ್ಲಿ ಕೂತು ಹೇಳಿದ ಬುದ್ಧಿಮಾತು. 1951ರಲ್ಲಿ ಲಿಟಲ್ ಮಿಸ್ ಕಾರ್ನ್‌ಶಕ್ಸ್ ಅನ್ನೋ ವೇದಿಕೆ ಹೆಸರಿನ ಕಪ್ಪು ಗಾಯಕಿ ಇದನ್ನು ರೆಕಾರ್ಡ್ ಮಾಡಿದರು. ಹುಲ್ಲಿನ ಹ್ಯಾಟ್, ಹಳ್ಳಿ ಹುಡುಗಿಯ ಉಡುಪು, ಬರಿಗಾಲು. ನೈಟ್‌ಕ್ಲಬ್‌ಗಳಲ್ಲಿ ಹೀಗೆ ಬಂದು ನಿಂತು ಹಾಡುತ್ತಿದ್ದರು. ಇವತ್ತು ಅವರ ಹೆಸರು ಹೇಳುವವರೇ ಕಡಿಮೆ. ಆದರೆ ಆ ದನಿಯಲ್ಲಿ ಅಳು ಇದೆ, ಒಡಕು ಇದೆ. ಸೋಲ್‌ಗೆ ಇನ್ನೂ ಆ ಹೆಸರು ಅಂಟುವ ಮುಂಚೆಯೇ ಸೋಲ್ ಹೇಗಿರುತ್ತದೆ ಅಂತ ಅದರಲ್ಲಿ ಕೇಳಬಹುದು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಗಂಡಸು ಹಾಡಿದಾಗ ಇದು ಇನ್ನೊಬ್ಬ ಗಂಡಸಿಗೆ ಕೊಟ್ಟ ಸಲಹೆ. ಹೆಣ್ಣು ಹಾಡಿದಾಗ ಅದೇ ಸಾಲುಗಳು ತನ್ನ ಬಗ್ಗೆಯೇ ಆಡಿದ ಮಾತಾಗುತ್ತವೆ. ಅವಳು ದಣಿದಿದ್ದಾಳೆ ಅಂತ ಹಾಡುವವಳೇ ಆ ದಣಿದವಳು. 1962ರಲ್ಲಿ ಅರೀಥಾ ಫ್ರಾಂಕ್ಲಿನ್ ಇದನ್ನು ಹಾಡಿದಾಗ ಅವರಿಗೆ ಇಪ್ಪತ್ತು ವರ್ಷ. ಸಂಗೀತ ಜೋಡಣೆ ಸ್ವಲ್ಪ ಸಪ್ಪೆ, ದನಿ ಮಾತ್ರ ಆಗಲೇ ಅರೀಥಾ.

ಓಟಿಸ್ ಕಿವಿಗೆ ಇದು ಮುಟ್ಟಿದ ದಾರಿಗಳಲ್ಲಿ ಮುಖ್ಯವಾದದ್ದು ಗಾಯಕ ಸ್ಯಾಮ್ ಕುಕ್. 1964ರ ಜುಲೈನಲ್ಲಿ ನ್ಯೂಯಾರ್ಕ್‌ನ ಕೋಪಾಕಬಾನಾ ಕ್ಲಬ್‌ನಲ್ಲಿ ಕುಕ್ ಮೂರು ಹಾಡುಗಳನ್ನು ಒಟ್ಟಿಗೆ ಪೋಣಿಸಿ ಹಾಡಿದರು. ಅದರಲ್ಲಿ ಮೊದಲನೆಯದು ಇದರ ಒಂದು ತುಣುಕು. ಆ ಕಾರ್ಯಕ್ರಮ ಆಲ್ಬಮ್ ಆಗಿ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕುಕ್ ಗುಂಡೇಟಿಗೆ ಬಲಿಯಾದರು. ಓಟಿಸ್‌ಗೆ ಕುಕ್ ಅಂದರೆ ಪ್ರಾಣ. 1965ರ ‘ಓಟಿಸ್ ಬ್ಲೂ’ ಆಲ್ಬಮ್ ಒಂದರಲ್ಲೇ ಕುಕ್ ಅವರ ಮೂರು ಹಾಡುಗಳಿವೆ.

ಇನ್ನು ಮೆಂಫಿಸ್‌ಗೆ ಹೋಗೋಣ. ಅಲ್ಲಿನ ಮ್ಯಾಕ್‌ಲೆಮೋರ್ ಅವೆನ್ಯೂದಲ್ಲಿ ಒಂದು ಹಳೆಯ ಸಿನಿಮಾ ಥಿಯೇಟರ್. ಅಕ್ಕ ತಮ್ಮ: ಎಸ್ಟೆಲ್ ಆ್ಯಕ್ಸ್‌ಟನ್ ಮತ್ತು ಜಿಮ್ ಸ್ಟ್ಯೂವರ್ಟ್. ಇಬ್ಬರೂ ಸೇರಿ ಥಿಯೇಟರನ್ನು ಸ್ಟುಡಿಯೊ ಮಾಡಿದರು. ಇಬ್ಬರ ಅಡ್ಡಹೆಸರಿನ ಮೊದಲಕ್ಷರಗಳು ಸೇರಿ ಕಂಪನಿಗೆ ಸ್ಟ್ಯಾಕ್ಸ್ ಅಂತ ಹೆಸರು. ಮುಂದೆ ಎಸ್ಟೆಲ್ ಅವರ ರೆಕಾರ್ಡ್ ಅಂಗಡಿ, ಒಳಗೆ ಸ್ಟುಡಿಯೊ. ಥಿಯೇಟರ್‌ನ ಇಳಿಜಾರು ನೆಲ ಹಾಗೇ ಇತ್ತು. ಅದರಿಂದಲೇ ಆ ಜಾಗದ ಸದ್ದಿಗೆ ಒಂದು ಬೇರೆಯೇ ಗುಣ ಬಂತು ಅಂತ ಅಲ್ಲಿ ನುಡಿಸಿದವರು ಹೇಳುತ್ತಾರೆ. ಸ್ಟುಡಿಯೊದ ಖಾಯಂ ಬ್ಯಾಂಡ್ ಬುಕರ್ ಟಿ ಆ್ಯಂಡ್ ದಿ ಎಂಜೀಸ್. ಆರ್ಗನ್‌ನಲ್ಲಿ ಬುಕರ್ ಟಿ ಜೋನ್ಸ್, ಡ್ರಮ್‌ನಲ್ಲಿ ಆಲ್ ಜ್ಯಾಕ್ಸನ್, ಗಿಟಾರ್‌ನಲ್ಲಿ ಸ್ಟೀವ್ ಕ್ರಾಪರ್, ಬೇಸ್‌ನಲ್ಲಿ ಡಕ್ ಡನ್. ಇಬ್ಬರು ಕಪ್ಪು, ಇಬ್ಬರು ಬಿಳಿ. ವರ್ಣಭೇದ ಇನ್ನೂ ಉಸಿರಾಡುತ್ತಿದ್ದ ಊರಿನಲ್ಲಿ ಈ ನಾಲ್ವರು ದಿನಾ ಒಂದೇ ಕೋಣೆಯಲ್ಲಿ ಕೂತು ಸಂಗೀತ ಮಾಡುತ್ತಿದ್ದರು.

ಜಾರ್ಜಿಯಾದ ಮೇಕನ್‌ನಲ್ಲಿ ಬೆಳೆದ ಓಟಿಸ್ 1962ರಲ್ಲಿ ಅಲ್ಲಿಗೆ ಬಂದದ್ದು ಜಾನಿ ಜೆಂಕಿನ್ಸ್ ಅನ್ನೋ ಗಿಟಾರ್‌ವಾದಕನ ಕಾರು ಓಡಿಸಿಕೊಂಡು. ಜೆಂಕಿನ್ಸ್ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಒಂದು ಹಾಡು ಹಾಡಲು ಬಿಟ್ಟರು. ಆಮೇಲೆ ಓಟಿಸ್ ಸ್ಟ್ಯಾಕ್ಸ್‌ನ ದೊಡ್ಡ ತಾರೆ.

ಸ್ಟ್ಯಾಕ್ಸ್‌ನಲ್ಲಿ ಸ್ವರಲಿಪಿ ಬರೆದಿಟ್ಟುಕೊಂಡು ನುಡಿಸುವ ಪದ್ಧತಿ ಇರಲಿಲ್ಲ. ಎಲ್ಲರೂ ಕೂತು, ಗುನುಗಿ, ಅಲ್ಲೇ ಕಟ್ಟುತ್ತಿದ್ದರು. ಹಾರ್ನ್‌ಗಳು, ಅಂದರೆ ಟ್ರಂಪೆಟ್, ಸ್ಯಾಕ್ಸೊಫೋನ್‌ನಂಥ ಊದುವ ವಾದ್ಯಗಳು, ಏನು ನುಡಿಸಬೇಕು ಅಂತ ಓಟಿಸ್ ಬಾಯಲ್ಲೇ ಹಾಡಿ ತೋರಿಸುತ್ತಿದ್ದರು. ಇದಕ್ಕೆ ಹೆಡ್ ಅರೇಂಜ್‌ಮೆಂಟ್ ಅನ್ನುತ್ತಾರೆ, ಅಂದರೆ ತಲೆಯಲ್ಲಿ ಕಟ್ಟಿ ತಲೆಯಲ್ಲೇ ಇಟ್ಟುಕೊಂಡದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ. ದುಡ್ಡಿನ ಲೆಕ್ಕಕ್ಕೆ ಬಂದಾಗ ಇದೇ ಮುಖ್ಯವಾಗುತ್ತದೆ.

1966ರ ಸೆಪ್ಟೆಂಬರ್‌ನಲ್ಲಿ ಆದ ಆ ಧ್ವನಿಮುದ್ರಣವನ್ನು ಈಗ ಹತ್ತಿರದಿಂದ ಕೇಳೋಣ. ಇಡೀ ಹಾಡು ನಾಲ್ಕು ನಿಮಿಷಕ್ಕೂ ಕಡಿಮೆ.

ಶುರುವಿಗೆ ಹಾರ್ನ್‌ಗಳು ಮಾತ್ರ. ಒಂದರ ಮೇಲೊಂದು ಹೆಣೆದುಕೊಂಡು ನಿಧಾನ ಇಳಿಯುವ ಒಂದು ಸಣ್ಣ ಪ್ರಾರ್ಥನೆ. ಇದನ್ನು ಕಟ್ಟಿದ್ದು ಐಸಾಕ್ ಹೇಯ್ಸ್, ಆಗ ಅವರು ಸ್ಟ್ಯಾಕ್ಸ್‌ನಲ್ಲಿ ಹಾಡು ಬರೆಯುತ್ತಿದ್ದ ಹುಡುಗ. ಹಾರ್ನ್ ನಿಂತ ಕೂಡಲೇ ಓಟಿಸ್ ಬರುತ್ತಾರೆ. ಹಿಂದೆ ಹೆಚ್ಚೇನೂ ಇಲ್ಲ. ಆರ್ಗನ್, ಗಿಟಾರ್, ಬೇಸ್ ಎಲ್ಲ ಉಸಿರು ಬಿಗಿಹಿಡಿದ ಹಾಗೆ. ಮೂಲದಲ್ಲಿ ಹೆಂಗಸರು ಅಂತ ಇದ್ದ ಕಡೆ ಓಟಿಸ್ ಎಳೆಯ ಹುಡುಗಿಯರು ಅಂತ ಹಾಡುತ್ತಾರೆ. ಸಾಲುಗಳನ್ನು ತಮಗೆ ಬೇಕಾದಂತೆ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ.

ಎರಡನೆಯ ತುಂಡಿಗೆ ಬಂದಾಗ ಟಿಕ್ ಟಿಕ್ ಅಂತ ಒಂದು ಸದ್ದು ಸೇರಿಕೊಳ್ಳುತ್ತದೆ. ಆಲ್ ಜ್ಯಾಕ್ಸನ್ ಕಡ್ಡಿಯಿಂದ ಡ್ರಮ್‌ನ ಅಂಚನ್ನು ತಟ್ಟುತ್ತಿದ್ದಾರೆ. ಅದೂ ಎರಡರಷ್ಟು ವೇಗದಲ್ಲಿ. ಓಟಿಸ್ ಇನ್ನೂ ನಿಧಾನ ಹಾಡುತ್ತಿದ್ದಾರೆ, ಕೆಳಗೆ ಕಾಲ ಮಾತ್ರ ಓಡತೊಡಗಿದೆ. ಇಡೀ ಹಾಡಿನ ಜೀವ ಇಲ್ಲಿದೆ ಅನ್ನೋದು ನನ್ನ ಗಟ್ಟಿ ನಂಬಿಕೆ. ಇನ್ನು ಏನೋ ಆಗಲಿದೆ ಅಂತ ಮೈಗೆ ಮೊದಲೇ ತಿಳಿದುಹೋಗುತ್ತದೆ. ಬ್ರಿಡ್ಜ್‌ನಲ್ಲಿ ಹಾರ್ನ್‌ಗಳು ಮತ್ತೆ ಬರುತ್ತವೆ. ಕೊನೆಯ ತುಂಡಿನ ಹೊತ್ತಿಗೆ ಡ್ರಮ್ ಪೂರ್ತಿ ಎದ್ದು ನಿಲ್ಲುತ್ತದೆ.

ವುಡ್ಸ್ ಬರೆದ ಹಾಡು ಇಲ್ಲಿಗೆ ಮುಗಿಯಿತು. ಓಟಿಸ್ ಹಾಡು ಇಲ್ಲಿಂದ ಮೇಲೆದ್ದಿತು. ಅವಳನ್ನು ಅಪ್ಪಿಕೋ, ಕಾಡಿಸಬೇಡ, ಬಿಟ್ಟು ಹೋಗಬೇಡ. ಹೀಗೆ ತುಂಡು ತುಂಡು ಮಾತುಗಳು, ನಡುನಡುವೆ ಮಾತೇ ಅಲ್ಲದ ಉದ್ಗಾರಗಳು. ಹಾರ್ನ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತುತ್ತವೆ. ಬ್ಯಾಂಡ್ ಒಮ್ಮೆಲೇ ನಿಲ್ಲುತ್ತದೆ, ಓಟಿಸ್ ಒಬ್ಬರೇ ಕೂಗುತ್ತಾರೆ, ಬ್ಯಾಂಡ್ ಮತ್ತೆ ಅಪ್ಪಳಿಸುತ್ತದೆ. ಕೊನೆ ಮುಟ್ಟುವ ಮೊದಲೇ ಸದ್ದನ್ನು ತಗ್ಗಿಸಿ ಹಾಡನ್ನು ಮುಗಿಸಿದ್ದಾರೆ.

ನಮ್ಮ ಕಡೆ ಹಿಂದೂಸ್ತಾನಿ ಕಛೇರಿಯಲ್ಲಿ ವಿಲಂಬಿತದಿಂದ ದ್ರುತಕ್ಕೆ ಹೋಗುವುದನ್ನು ಕೇಳಿದವರಿಗೆ ಈ ಏರು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಓಟಿಸ್ ಇದನ್ನು ಕಲಿತದ್ದು ಚರ್ಚ್‌ನಲ್ಲಿ. ಕಪ್ಪು ಜನರ ಗಾಸ್ಪೆಲ್ ಗಾಯನದಲ್ಲಿ ಹಾಡಿನ ಕೊನೆಗೆ ಒಂದೇ ಸ್ವರಸಮೂಹವನ್ನು ಸುತ್ತಿಸುತ್ತಾ, ಮಾತನ್ನು ಮತ್ತೆ ಮತ್ತೆ ಹೇಳುತ್ತಾ, ಕೂತವರನ್ನು ಎಬ್ಬಿಸುವ ಭಾಗವೊಂದು ಬರುತ್ತದೆ. ಅದಕ್ಕೆ ಡ್ರೈವ್ ಅಂತಲೋ ವ್ಯಾಂಪ್ ಅಂತಲೋ ಹೇಳುತ್ತಾರೆ. ಓಟಿಸ್ ತಂದೆ ಸ್ವತಃ ಚರ್ಚ್‌ನಲ್ಲಿ ಬೋಧಿಸುತ್ತಿದ್ದವರು. ದೇವರಿಗಾಗಿ ಎಬ್ಬಿಸುತ್ತಿದ್ದ ಆ ಆವೇಶವನ್ನು ಹೆಣ್ಣು ಗಂಡಿನ ಪ್ರೀತಿಗೆ ತಂದು ಜೋಡಿಸಿದರೆ ಅದೇ ಸೋಲ್. 1950ರ ದಶಕದಲ್ಲಿ ರೇ ಚಾರ್ಲ್ಸ್ ಇದನ್ನು ಮಾಡಿದಾಗ ಅದು ದೈವದ್ರೋಹ ಅಂದವರೂ ಇದ್ದರು. ಸೋಲ್ ಅಂದರೆ ಸುಮ್ನೆ ದುಃಖದ ಹಾಡು ಅಂತ ತಿಳಿದವರಿಗೆ ಈ ಒಂದು ಧ್ವನಿಮುದ್ರಣ ಹಾಕಿ ಕೇಳಿಸಿದರೆ ಸಾಕು. ದುಃಖ ಇದೆ, ಆದರೆ ಅದು ಎದ್ದು ನಿಂತು ಕೈ ತಟ್ಟುತ್ತಿದೆ.

ಹಾಡು ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ರಿದಮ್ ಆ್ಯಂಡ್ ಬ್ಲೂಸ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ, ಪಾಪ್ ಪಟ್ಟಿಯಲ್ಲಿ 25ಕ್ಕೆ ಹೋಯಿತು. 1967ರ ಜೂನ್ 17ರ ರಾತ್ರಿ ಕ್ಯಾಲಿಫೋರ್ನಿಯಾದ ಮಾಂಟೆರೇ ಉತ್ಸವದಲ್ಲಿ ಓಟಿಸ್ ಐದೇ ಹಾಡು ಹಾಡಿದರು, ಕೊನೆಯದು ಇದು. ಎದುರಿಗಿದ್ದವರು ಬಹುಪಾಲು ಬಿಳಿಯ ಹಿಪ್ಪಿ ಹುಡುಗ ಹುಡುಗಿಯರು, ಓಟಿಸ್ ಹೆಸರು ಅಷ್ಟಾಗಿ ಕೇಳಿರದವರು. ಅವರಿಗಾಗಿ ಹಳೆಯ ಉಡುಪಿನ ಸಾಲಿಗೆ ಮಿನಿಸ್ಕರ್ಟ್ ಸೇರಿಸಿದರು. ಆ ಪ್ರದರ್ಶನದ ಚಿತ್ರೀಕರಣ ಇವತ್ತಿಗೂ ನೋಡಸಿಗುತ್ತದೆ, ನೋಡಲೇಬೇಕು. ಅದೇ ವರ್ಷ ಡಿಸೆಂಬರ್ 9ರಂದು ಕ್ಲೀವ್‌ಲ್ಯಾಂಡ್‌ನ ಒಂದು ಟಿವಿ ಕಾರ್ಯಕ್ರಮದಲ್ಲೂ ಇದನ್ನು ಹಾಡಿದರು. ಮರುದಿನ ವಿಸ್ಕಾನ್ಸಿನ್‌ನ ಮೊನೋನಾ ಕೆರೆಗೆ ಅವರ ವಿಮಾನ ಬಿತ್ತು. ಅವರಿಗೆ 26 ವರ್ಷ.

ಆಮೇಲಿನ ಕವರ್‌ಗಳನ್ನು ಬೇಗ ನೋಡಿಬಿಡೋಣ. 1969ರಲ್ಲಿ ತ್ರೀ ಡಾಗ್ ನೈಟ್ ಅನ್ನೋ ರಾಕ್ ತಂಡ ಇದನ್ನು ಹಾಡಿ ಪಾಪ್ ಪಟ್ಟಿಯಲ್ಲಿ 29ಕ್ಕೆ ಮುಟ್ಟಿತು. 1991ರ ‘ದಿ ಕಮಿಟ್‌ಮೆಂಟ್ಸ್’ ಸಿನಿಮಾದಲ್ಲಿ ಡಬ್ಲಿನ್ ಹುಡುಗರ ಒಂದು ಸೋಲ್ ಬ್ಯಾಂಡ್ ಇದನ್ನು ಹಾಡುತ್ತದೆ. ದನಿ ಆ್ಯಂಡ್ರ್ಯೂ ಸ್ಟ್ರಾಂಗ್ ಅವರದ್ದು, ಆಗಿನ್ನೂ ಹದಿಹರೆಯ. ಆ ವಯಸ್ಸಿಗೆ ಅಂಥ ಗಂಟಲು ಎಲ್ಲಿಂದ ಬಂತೋ! 1986ರ ‘ಪ್ರೆಟಿ ಇನ್ ಪಿಂಕ್’ ಚಿತ್ರದಲ್ಲಿ ಒಬ್ಬ ಹುಡುಗ ರೆಕಾರ್ಡ್ ಅಂಗಡಿಯಲ್ಲಿ ಓಟಿಸ್ ದನಿಗೇ ತುಟಿ ಆಡಿಸಿ ಕುಣಿಯುತ್ತಾನೆ. ನಿರ್ದೇಶಕ ಕುಬ್ರಿಕ್ 1964ರಲ್ಲೇ ‘ಡಾಕ್ಟರ್ ಸ್ಟ್ರೇಂಜ್‌ಲವ್’ ಚಿತ್ರದ ಶುರುವಿಗೆ ಇದನ್ನು ಹಾಕಿದ್ದರು, ಮಾತಿಲ್ಲದ ವಾದ್ಯ ರೂಪದಲ್ಲಿ, ಆಕಾಶದಲ್ಲಿ ಬಾಂಬರ್ ವಿಮಾನಕ್ಕೆ ಇಂಧನ ತುಂಬುವ ದೃಶ್ಯಕ್ಕೆ. 1964ರದ್ದು ಹಳೆಯ ಹಾಡು. 1986ರದ್ದು ಹೊಸದು. ಹೆಸರು ಒಂದೇ, ಆದರೆ ಒಂದನ್ನು ಕೇಳಿ ಇನ್ನೊಂದನ್ನು ಊಹಿಸುವುದು ಸಾಧ್ಯವಿಲ್ಲ.

ತ್ರೀ ಡಾಗ್ ನೈಟ್ ಆಗಲಿ ಆ್ಯಂಡ್ರ್ಯೂ ಸ್ಟ್ರಾಂಗ್ ಆಗಲಿ, ಸಿನಾಟ್ರಾ ಹಾಡಿದ ಹಾಡಿಗೆ ಕವರ್ ಮಾಡಲಿಲ್ಲ. ನಿಧಾನದ ಶುರು, ಇಷ್ಟಿಷ್ಟೇ ಏರುವ ವೇಗ, ಕೊನೆಯ ಕೂಗು, ತಡೆದು ತಡೆದು ಅಪ್ಪಳಿಸುವ ಬ್ಯಾಂಡ್, ಇದೆಲ್ಲ ಮೆಂಫಿಸ್‌ನ ಆ ಕೋಣೆಯಲ್ಲಿ ಹುಟ್ಟಿದ್ದು. ಹಾಗಿದ್ದರೆ ಅವರ ಪ್ರತಿ ಮಾರಾಟಕ್ಕೂ ಹಾಡಿನ ರಾಯಲ್ಟಿ ಯಾರಿಗೆ ಹೋಯಿತು? ವುಡ್ಸ್, ಕ್ಯಾಂಪ್‌ಬೆಲ್, ಕಾನೆಲಿ ಮತ್ತು ಅವರ ಪ್ರಕಾಶಕರ ಕಡೆಗೆ. ಓಟಿಸ್ ಮನೆಯವರಿಗಿಲ್ಲ, ಐಸಾಕ್ ಹೇಯ್ಸ್‌ಗಿಲ್ಲ, ಆಲ್ ಜ್ಯಾಕ್ಸನ್‌ಗಿಲ್ಲ.

ಇದು ಯಾರೋ ಮೋಸ ಮಾಡಿದ್ದರಿಂದ ಆದದ್ದಲ್ಲ. ಕಾನೂನು ಹಾಡನ್ನು ಎರಡು ವಸ್ತುವಾಗಿ ನೋಡುತ್ತದೆ. ಒಂದು, ರಚನೆ. ಅಂದರೆ ಸಾಹಿತ್ಯ ಮತ್ತು ಧಾಟಿ. ಇನ್ನೊಂದು, ಧ್ವನಿಮುದ್ರಣ. ಅಂದರೆ ಟೇಪಿನ ಮೇಲೆ ಕೂತ ಆ ಒಂದು ಸದ್ದು. ಸಾಹಿತ್ಯ ಮತ್ತು ಧಾಟಿ ವುಡ್ಸ್ ಗುಂಪಿನದ್ದು. ಧ್ವನಿಮುದ್ರಣ ರೆಕಾರ್ಡ್ ಕಂಪನಿಯದ್ದು. ಇವೆರಡರ ನಡುವೆ ಇರುವುದು, ಆ ಟಿಕ್ ಟಿಕ್, ಆ ಹಾರ್ನ್‌ಗಳ ಪ್ರಾರ್ಥನೆ, ಕೊನೆಯ ಆ ವ್ಯಾಂಪ್, ಬೇರೆಯವರು ತಾವೇ ನುಡಿಸಿ ಅನುಸರಿಸಿದರೆ ಯಾರಿಗೂ ಏನೂ ಕೊಡಬೇಕಾಗಿಲ್ಲ. ತಲೆಯಲ್ಲಿ ಕಟ್ಟಿದ ಹೆಡ್ ಅರೇಂಜ್‌ಮೆಂಟ್ ಕಾಗದದ ಮೇಲೆ ಇರಲಿಲ್ಲ, ಹಕ್ಕುಪತ್ರದ ಮೇಲೂ ಬರಲಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಸ್ವರಲಿಪಿ ಬರೆಯುವ ಪರಂಪರೆಯವರು ಮಾಡಿದ ಕಾನೂನು, ಕಿವಿಯಿಂದ ಕಿವಿಗೆ ಸಂಗೀತ ಕಲಿತವರ ಕೆಲಸವನ್ನು ಕೆಲಸ ಅಂತಲೇ ಕಾಣಲಿಲ್ಲ.

ಇದೇ ಓಟಿಸ್ ಬದುಕಿನಲ್ಲಿ ಇದರ ತಿರುವುಮುರುವು ಕೂಡ ನಡೆದಿದೆ. ‘ರಿಸ್ಪೆಕ್ಟ್’ ಅವರೇ ಬರೆದು 1965ರಲ್ಲಿ ಹಾಡಿದ ಹಾಡು. 1967ರಲ್ಲಿ ಅರೀಥಾ ಅದನ್ನು ಹಾಡಿ ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೆ ಒಯ್ದರು. ಈಗ ಅದು ಅರೀಥಾ ಹಾಡು ಅಂತಲೇ ಎಲ್ಲರಿಗೂ ಗೊತ್ತು, ಅಲ್ವಾ? ಅಮೆರಿಕದ ಎಎಂ, ಎಫ್‌ಎಂ ರೇಡಿಯೊಗಳು ಬರೆದವರ ಕಡೆಗೆ ಮಾತ್ರ ಹಣ ಕೊಡುತ್ತವೆ, ಹಾಡಿದವರಿಗೆ ಕೊಡುವುದಿಲ್ಲ. ಹಾಗಾಗಿ ಅಲ್ಲಿ ಅರೀಥಾ ದನಿಯಲ್ಲಿ ‘ರಿಸ್ಪೆಕ್ಟ್’ ಬಂದಾಗಲೆಲ್ಲ ಹಣ ಓಟಿಸ್ ಪಾಲಿಗೆ. ಓಟಿಸ್ ದನಿಯಲ್ಲಿ ‘ಟೆಂಡರ್‌ನೆಸ್’ ಬಂದಾಗಲೆಲ್ಲ ಹಣ ವುಡ್ಸ್ ಮತ್ತು ಜೊತೆಯವರ ಪಾಲಿಗೆ. ಇಂಟರ್ನೆಟ್ ಮತ್ತು ಸ್ಯಾಟಲೈಟ್ ರೇಡಿಯೊಗಳು ಹಾಡಿದವರಿಗೂ ಕೊಡಬೇಕು ಅಂತ ಬಂತು. 1972ಕ್ಕೂ ಹಿಂದಿನ ರೆಕಾರ್ಡುಗಳಿಗೆ ಅದು ಪೂರ್ತಿಯಾಗಿ ಅನ್ವಯ ಆದದ್ದು 2018ರ ಕಾಯ್ದೆಯ ಮೇಲೆ.

2011ರಲ್ಲಿ ಜೇ ಜೀ ಮತ್ತು ಕಾನ್ಯೆ ವೆಸ್ಟ್ ‘ಓಟಿಸ್’ ಅನ್ನೋ ರ‍್ಯಾಪ್ ಹಾಡು ಮಾಡಿದರು. ಇದು ಕವರ್ ಅಲ್ಲ, ಸ್ಯಾಂಪಲ್. ಕವರ್‌ನಲ್ಲಿ ಹಾಡನ್ನು ಹೊಸದಾಗಿ ಹಾಡುತ್ತಾರೆ. ಸ್ಯಾಂಪಲ್‌ನಲ್ಲಿ ಹಳೆಯ ರೆಕಾರ್ಡಿನ ಸದ್ದನ್ನೇ ಕತ್ತರಿಸಿ ತಂದು ಅಂಟಿಸುತ್ತಾರೆ. ಅದಕ್ಕೆ ರಚನೆಯ ಒಡೆಯರ ಒಪ್ಪಿಗೆಯೂ ಬೇಕು, ಧ್ವನಿಮುದ್ರಣದ ಒಡೆಯರ ಒಪ್ಪಿಗೆಯೂ ಬೇಕು. ಇಲ್ಲಿ ಧ್ವನಿಮುದ್ರಣದ ಒಡೆಯ ಸ್ಟ್ಯಾಕ್ಸ್ ಅಲ್ಲ. ಹಂಚಿಕೆಗಾಗಿ ಅಟ್ಲಾಂಟಿಕ್ ಕಂಪನಿ ಜೊತೆ ಮಾಡಿಕೊಂಡ ಒಪ್ಪಂದದ ಒಂದು ಕಲಮಿನಿಂದಾಗಿ ಆ ವರ್ಷಗಳ ಸ್ಟ್ಯಾಕ್ಸ್ ಟೇಪುಗಳೆಲ್ಲ ಅಟ್ಲಾಂಟಿಕ್ ಪಾಲಾಗಿದ್ದವು. ಓಟಿಸ್ ತೀರಿಕೊಂಡ ಹೊತ್ತಿಗೆ ಅಟ್ಲಾಂಟಿಕ್ ಮಾರಾಟವಾದಾಗಲೇ ಜಿಮ್ ಸ್ಟ್ಯೂವರ್ಟ್‌ಗೆ ಇದರ ಬಿಸಿ ತಟ್ಟಿದ್ದು. ರ‍್ಯಾಪ್ ಹಾಡಿನ ವಿವರದಲ್ಲಿ ಓಟಿಸ್ ರೆಡ್ಡಿಂಗ್ ಹೆಸರನ್ನು ಜೊತೆಗಾಯಕ ಅಂತ ಹಾಕಿದರು. ಬರೆದವರ ಪಟ್ಟಿಯಲ್ಲಿ ಜೇ ಜೀ, ಕಾನ್ಯೆ ಜೊತೆಗೆ ವುಡ್ಸ್, ಕ್ಯಾಂಪ್‌ಬೆಲ್, ಕಾನೆಲಿ ಇದ್ದಾರೆ. ಅಲ್ಲಿ ಓಟಿಸ್ ಇಲ್ಲ. ಹಾಡಿನ ಹೆಸರೇ ‘ಓಟಿಸ್’, ಬರೆದವರಲ್ಲಿ ಓಟಿಸ್ ಇಲ್ಲ! ಅದಕ್ಕೆ ಗ್ರ್ಯಾಮಿಯೂ ಬಂತು.

ನಮ್ಮಲ್ಲಿ ಕವರ್ ಹಾಡುವವರಿಗೆ ನಿಯಮ ಇನ್ನೂ ಬಿಗಿ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಕಲಮಿನ ಪ್ರಕಾರ, ಮೊದಲ ರೆಕಾರ್ಡ್ ಬಂದ ವರ್ಷ ಮುಗಿದು 5 ವರ್ಷ ಆಗುವ ತನಕ ಆ ಕಲಮಿನಡಿ ಕವರ್ ಮಾಡುವಂತಿಲ್ಲ. ಆಮೇಲೂ, ಒಡೆಯರ ಒಪ್ಪಿಗೆ ಇಲ್ಲದೆ ಸಾಹಿತ್ಯ ಸಂಗೀತವನ್ನು ಬದಲಾಯಿಸುವಂತಿಲ್ಲ, ತಾಂತ್ರಿಕವಾಗಿ ಬೇಕೇಬೇಕಾದ ಬದಲಾವಣೆ ಬಿಟ್ಟು. ಹಳೆಯ ಕನ್ನಡ ಹಾಡನ್ನು ಗಿಟಾರ್ ಹಿಡಿದು ಹೊಸ ರೀತಿ ಹಾಡಿ ಯೂಟ್ಯೂಬ್‌ಗೆ ಹಾಕುವ ಹುಡುಗ ಹುಡುಗಿಯರು ಇದನ್ನು ತಿಳಿದಿರುವುದು ಒಳ್ಳೆಯದು. ಓಟಿಸ್ ಮಾಡಿದಂಥ ಕೆಲಸಕ್ಕೆ, ಅಂದರೆ ಪೀಠಿಕೆ ಬಿಟ್ಟು, ಮಾತು ಬದಲಿಸಿ, ಹೊಸ ಕೊನೆ ಕಟ್ಟುವುದಕ್ಕೆ, ಇಲ್ಲಿ ಆ ಕಲಮು ನೆರವಿಗೆ ಬರುವುದಿಲ್ಲ. ನೇರವಾಗಿ ಒಪ್ಪಿಗೆ ಕೇಳಲೇಬೇಕು.

ಅಮೆರಿಕದಲ್ಲಿ ಆ ಕಾಲದ ರಚನೆಗಳಿಗೆ ಹಕ್ಕು 95 ವರ್ಷ. ಹಾಗಾಗಿ ಈ ದಶಕ ಮುಗಿಯುವಷ್ಟರಲ್ಲಿ ವುಡ್ಸ್ ಮತ್ತು ಗೆಳೆಯರ ಹಾಡು ಅಲ್ಲಿ ಎಲ್ಲರದ್ದಾಗುತ್ತದೆ. ಯಾರು ಬೇಕಾದರೂ ಹಾಡಬಹುದು, ತಿದ್ದಬಹುದು, ಪೈಸೆ ಕೊಡಬೇಕಾಗಿಲ್ಲ. ಓಟಿಸ್ ಧ್ವನಿಮುದ್ರಣದ ಲೆಕ್ಕ ಬೇರೆ. 1957ರಿಂದ 1972ರ ಶುರುವಿನ ತನಕ ಬಂದ ರೆಕಾರ್ಡುಗಳಿಗೆ ಅಲ್ಲಿ 2067ರ ಫೆಬ್ರುವರಿ 15ರವರೆಗೆ ರಕ್ಷಣೆ ಇದೆ. ಅಷ್ಟು ವರ್ಷ ಆ ಸದ್ದನ್ನು ಎತ್ತಿಕೊಳ್ಳಬೇಕಾದರೆ ಒಡೆಯರನ್ನು ಕೇಳಲೇಬೇಕು. ಆಲ್ ಜ್ಯಾಕ್ಸನ್ ಅವರ ಟಿಕ್ ಟಿಕ್ ಅನ್ನು ಮಾತ್ರ ಡ್ರಮ್ ಕಡ್ಡಿ ಕೈಯಲ್ಲಿರುವ ಯಾರಾದರೂ ಇವತ್ತೇ ನುಡಿಸಬಹುದು. ಹಾಗೆ ನುಡಿಸುವವರು ವೇದಿಕೆಯ ಮೇಲೆ ಓಟಿಸ್ ಹೆಸರಿನ ಜೊತೆ ಅವರ ಹೆಸರನ್ನೂ ಹೇಳಲಿ, ಐಸಾಕ್ ಹೇಯ್ಸ್ ಹೆಸರನ್ನೂ ಹೇಳಲಿ.